ಎರಡು ಸಲ ಕ್ರೇನು ನಿಲ್ಲಿಸಿದವನು

"ಒಮ್ಮೆ ಸುಳ್ಳು ಎಚ್ಚರಿಕೆ ಕೊಟ್ಟವರ ಮಾತನ್ನು ಮತ್ತೆ ಕೇಳಬೇಕೇ, ಗುರುಗಳೇ?"

ಕೇಳಿದವನು ಗುರುಶಾಂತ. ಮಠದ ದಾಸೋಹದ ಹೊಣೆ ಅವನದು. ಹಿಂದಿನ ದಿನ ಮುನ್ನೂರು ಜನ ಪಂಕ್ತಿಯಲ್ಲಿ ಕುಳಿತಿದ್ದಾಗ, ಸೊಪ್ಪು ಬಿಡಿಸುವ ನೀಲವ್ವ ಓಡಿ ಬಂದು, ಪಾಯಸದಲ್ಲಿ ಸೀಮೆಎಣ್ಣೆಯ ವಾಸನೆ ಇದೆ, ಯಾರೂ ಬಾಯಿಗಿಡಬೇಡಿ ಎಂದು ಕೂಗಿಬಿಟ್ಟಿದ್ದಳು. ಮುನ್ನೂರು ಕೈಗಳು ಎಲೆಯಿಂದ ಮೇಲೆದ್ದವು. ಒಂದೊಂದು ಕೊಪ್ಪರಿಗೆಗೂ ಮೂಗಿಟ್ಟು ನೋಡಿದ್ದಾಯಿತು. ಕೊನೆಗೆ ವಾಸನೆ ಬರುತ್ತಿದ್ದದ್ದು ನೀಲವ್ವನ ಸೆರಗಿನಿಂದಲೇ ಎಂದು ಗೊತ್ತಾಯಿತು. ಬೆಳಿಗ್ಗೆ ಸ್ಟೌ ಹಚ್ಚುವಾಗ ಚೆಲ್ಲಿಕೊಂಡಿದ್ದಳಂತೆ. ಅಷ್ಟರಲ್ಲಿ ಪಾಯಸ ಆರಿತ್ತು, ಪಂಕ್ತಿಯೆಲ್ಲ ನಕ್ಕಿತ್ತು, ಗುರುಶಾಂತನ ಮುಖ ಕೆಂಪಾಗಿತ್ತು. ಇನ್ನು ಮುಂದೆ ಅವಳು ಅಡುಗೆಮನೆಯ ವಿಷಯದಲ್ಲಿ ಬಾಯಿ ಹಾಕಕೂಡದು ಎಂದು ಕಟ್ಟಪ್ಪಣೆ ಮಾಡಲು ಅವನಿಗೆ ಗುರುಗಳ ಒಪ್ಪಿಗೆ ಬೇಕಿತ್ತು.

ಗುರುಗಳು ಕಾವಿ ಉಡುವುದಕ್ಕೆ ಮೊದಲು ಹದಿನಾಲ್ಕು ವರ್ಷ ಕಡಲ ಮೇಲಿನ ಎಣ್ಣೆಬಾವಿಗಳಲ್ಲಿ ವೈರಿಂಗ್ ಕೆಲಸ ಮಾಡಿದವರು. ಬೇರೆಯವರ ಕತೆಗಳಲ್ಲಿ ರಾಜನೂ ಮಂತ್ರಿಯೂ ಬಂದರೆ ನಮ್ಮವರ ಕತೆಗಳಲ್ಲಿ ಕೊಕ್ಕೆಯೂ ಸರಪಳಿಯೂ ಬರುತ್ತವೆ ಎಂದು ಶಿಷ್ಯರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಗುರುಗಳಿಗೆ ಅದು ಗೊತ್ತಿತ್ತು. ತಾವೂ ನಗುತ್ತಿದ್ದರು.

"ಕೂತುಕೋ," ಎಂದರು. "ಒಂದು ಕತೆ ಹೇಳುತ್ತೇನೆ. ಕಂಡದ್ದೋ ಕೇಳಿದ್ದೋ ಎಂದು ಮಾತ್ರ ವಿಚಾರಿಸಬೇಡ."

ಕಡಲ ನಡುವೆ, ದಡ ಕಾಣದಷ್ಟು ದೂರದಲ್ಲಿ, ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ಒಂದು ಅಟ್ಟ. ಕಡಲಡಿಯ ಎಣ್ಣೆಯನ್ನೂ ಗ್ಯಾಸನ್ನೂ ಮೇಲೆತ್ತುವ ಜಾಗ ಅದು. ಐವತ್ತೆರಡು ಜನ ಅಲ್ಲೇ ದುಡಿದು, ಅಲ್ಲೇ ಉಂಡು, ಅಲ್ಲೇ ಮಲಗುತ್ತಿದ್ದರು. ಅಕ್ಕಿಯಿಂದ ಹಿಡಿದು ಬೋಲ್ಟಿನವರೆಗೆ ಎಲ್ಲವೂ ದೋಣಿಯಲ್ಲಿ ಬರಬೇಕು, ಬಂದದ್ದನ್ನು ಕ್ರೇನು ಮೇಲೆತ್ತಬೇಕು. ಕ್ರೇನು ನಿಂತರೆ ಒಲೆಯೂ ನಿಂತ ಹಾಗೆ.

ಆ ಅಟ್ಟದಲ್ಲಿ ಬಟ್ಟೆ ಒಗೆಯುವವನೊಬ್ಬನಿದ್ದ. ಹೆಸರು ದೂಮಪ್ಪ. ಐವತ್ತೆರಡು ಜನರ ಜಿಡ್ಡು ಹಿಡಿದ ಬಟ್ಟೆಗಳನ್ನು ಒಗೆದು, ಒಣಗಿಸಿ, ಮಡಚಿ ಕೊಡುವುದು ಅವನ ಕೆಲಸ. ಯಾರ ಅಂಗಿಯ ಯಾವ ಗುಂಡಿ ಸಡಿಲವಾಗಿದೆ ಎಂಬುದು ಅವನಿಗೆ ಬಾಯಿಪಾಠ. ಅವನ ಹೆಸರು ಮಾತ್ರ ಅರ್ಧಕ್ಕರ್ಧ ಜನರಿಗೆ ಗೊತ್ತಿರಲಿಲ್ಲ.

ಅಟ್ಟಕ್ಕೆ ಕಾಲಿಟ್ಟ ಮೊದಲ ದಿನ ಯಾರಿಗೇ ಆದರೂ ಒಂದು ಪಾಠ ಹೇಳುತ್ತಾರೆ. ಕ್ರೇನು ನಡೆಸುವವನು ಒಬ್ಬನ ಸನ್ನೆಯನ್ನು ಮಾತ್ರ ಪಾಲಿಸುತ್ತಾನೆ. ಎತ್ತು, ಇಳಿಸು, ತಿರುಗಿಸು ಎಂದು ಕೈಯಲ್ಲಿ ತೋರಿಸಲು ಒಬ್ಬ ಸನ್ನೆಗಾರನಿರುತ್ತಾನೆ. ಅವನನ್ನು ಬಿಟ್ಟು ಅಟ್ಟದ ಮೇಲ್ವಿಚಾರಕನೇ ಬಂದು ಕೈ ಆಡಿಸಿದರೂ ಕ್ರೇನು ಜಗ್ಗಕೂಡದು. ಆದರೆ ಒಂದು ಸನ್ನೆ ಎಲ್ಲರ ಸ್ವತ್ತು. ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಅಗಲಿಸಿ ಬೀಸಿದರೆ ನಿಲ್ಲಿಸು ಎಂದರ್ಥ. ಅದನ್ನು ಅಡುಗೆಯವನು ತೋರಿಸಲಿ, ಕಸ ಗುಡಿಸುವವನು ತೋರಿಸಲಿ, ಕ್ರೇನು ಇದ್ದಲ್ಲೇ ನಿಲ್ಲಬೇಕು. ಯಾಕೆ ಎಂಬ ಪ್ರಶ್ನೆ ಆಮೇಲೆ.

ಪಾಠ ಕೇಳಿದವರೆಲ್ಲ ತಲೆಯಾಡಿಸುತ್ತಾರೆ. ಬಟ್ಟೆ ಒಗೆಯುವವನು ಕ್ರೇನು ನಿಲ್ಲಿಸುವ ದಿನವೊಂದು ಬರುತ್ತದೆಂದು ಪಾಠ ಹೇಳಿದವನೂ ನಂಬಿರುವುದಿಲ್ಲ.

ಒಂದು ಬೇಸಿಗೆಯಲ್ಲಿ ಅಟ್ಟದ ನೀರಿನ ಯಂತ್ರ ಕೆಟ್ಟಿತು. ಕಡಲಿನ ಉಪ್ಪುನೀರನ್ನು ಸಿಹಿನೀರು ಮಾಡುವ ಯಂತ್ರ ಅದು. ರಿಪೇರಿ ಮಾಡುವವರು ಬಂದು, ಅಲ್ಲಾಡಿಸಿ, ಇದರ ಕತೆ ಮುಗಿಯಿತು ಎಂದು ಹೇಳಿ ಹೋದರು. ಹೊಸ ಯಂತ್ರ ಬರುವವರೆಗೆ ಕುಡಿಯುವ ನೀರೂ ದೋಣಿಯಲ್ಲೇ ಬರಬೇಕು. ಮಳೆಗಾಲ ಶುರುವಾದರೆ ದೋಣಿ ಬರುವುದೇ ಅಪರೂಪ. ಹಾಗಾಗಿ ಮೇ ತಿಂಗಳು ಮುಗಿಯುವುದರೊಳಗೆ ಹೊಸ ಯಂತ್ರ ಅಟ್ಟಕ್ಕೆ ಏರಲೇಬೇಕಿತ್ತು.

ಮೇ ತಿಂಗಳ ಕೊನೆಯ ವಾರ ಯಂತ್ರ ಬಂತು. ಮೂರೂವರೆ ಟನ್ ಭಾರ, ಸುತ್ತ ಒಂದು ಕಬ್ಬಿಣದ ಚೌಕಟ್ಟು. ಬೆಳಿಗ್ಗೆ ಹತ್ತರ ಹೊತ್ತಿಗೆ ಗಾಳಿ ಎದ್ದಿತ್ತು. ದೋಣಿ ಅಲೆಯ ಜೊತೆ ಆರಡಿ ಏರುತ್ತಿತ್ತು, ಆರಡಿ ಇಳಿಯುತ್ತಿತ್ತು. ಕ್ರೇನಿನಲ್ಲಿ ಕೂತವನು ಹಸನಬ್ಬ. ಇಪ್ಪತ್ತೆರಡು ವರ್ಷದಿಂದ ಅದೇ ಕೆಲಸ. ಅಲೆ ದೋಣಿಯನ್ನು ಮೇಲಕ್ಕೆತ್ತುವ ಕ್ಷಣಕ್ಕೆ ಕಾದು, ಅದರ ಜೊತೆಯಲ್ಲೇ ಹೊರೆಯನ್ನು ಎತ್ತಿಕೊಂಡ. ತನ್ನ ಬೆನ್ನಿನಿಂದ ಭಾರ ಇಳಿದದ್ದು ದೋಣಿಗೇ ತಿಳಿಯಲಿಲ್ಲ, ಅಷ್ಟು ನಯ.

ದೂಮಪ್ಪ ಆಗ ಕಟಾಂಜನದ ಬಳಿ ಒದ್ದೆ ಕಂಬಳಿಯೊಂದನ್ನು ಗಾಳಿಗೆ ಹಿಡಿದು ನಿಂತಿದ್ದ. ಕೆಳಗಿನಿಂದ ಏರಿ ಬರುತ್ತಿದ್ದ ಹೊರೆಯ ಮೂಲೆಯಲ್ಲಿ ಏನೋ ಒಂದು ಎಳೆ ಪಟಪಟ ಹೊಡೆದುಕೊಳ್ಳುವುದು ಕಂಡಿತು. ಎತ್ತುವ ಹಗ್ಗ ಹರಿಯುತ್ತಿದೆ ಎಂದುಕೊಂಡ. ಕೆಳಗೆ ದೋಣಿಯಲ್ಲಿ ನಾಲ್ವರು ನಿಂತಿದ್ದರು. ಕಂಬಳಿ ಕೈಬಿಟ್ಟ. ಎರಡೂ ಕೈ ಅಗಲಿಸಿ ಬೀಸಿದ.

ಕ್ರೇನು ನಿಂತಿತು.

ನಿಯಮದಂತೆ ಹೊರೆಯನ್ನು ಮತ್ತೆ ದೋಣಿಗೆ ಇಳಿಸಿ, ಒಂದೊಂದು ಕೊಂಡಿಯನ್ನೂ ನೋಡಿದರು. ಏನೂ ಆಗಿರಲಿಲ್ಲ. ಹಾರಾಡುತ್ತಿದ್ದದ್ದು ಗಾಳಿಯ ದಿಕ್ಕು ತಿಳಿಯಲೆಂದು ದಡದ ಕೆಲಸಗಾರರು ಕಟ್ಟಿದ್ದ ಒಂದು ಚಿಂದಿ. ಇಷ್ಟು ನೋಡಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟರಲ್ಲಿ ಗಾಳಿ ಮಿತಿ ಮೀರಿತ್ತು. ಆ ಗಾಳಿಯಲ್ಲಿ ಹೊರೆ ಎತ್ತುವಂತಿಲ್ಲ. ದೋಣಿ ಸಂಜೆಯವರೆಗೆ ಕಾದು, ಯಂತ್ರವನ್ನು ಹೊತ್ತುಕೊಂಡು ಬಂದ ದಾರಿಯಲ್ಲೇ ಹೊರಟುಹೋಯಿತು. ಮೂರನೆಯ ದಿನ ಮಳೆಗಾಲ ಕಡಲಿನ ಮೇಲೆ ಇಳಿಯಿತು.

ಆ ನಾಲ್ಕು ತಿಂಗಳು ಹೇಗಿದ್ದವು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬನಿಗೆ ದಿನಕ್ಕೆ ಒಂದು ಬಕೆಟ್ ನೀರು. ಅದರಲ್ಲೇ ಹಲ್ಲುಜ್ಜುವುದು, ಅದರಲ್ಲೇ ಮೈ ತೊಳೆಯುವುದು. ಬಟ್ಟೆ ಒಗೆಯಲು ವಾರಕ್ಕೆ ಎರಡು ಪೀಪಾಯಿ. ಬೆವರು, ಜಿಡ್ಡು, ಉಪ್ಪು ಸೇರಿ ಜನರ ಮೈಯೆಲ್ಲ ತುರಿಕೆ. ತುರಿಸಿಕೊಂಡಾಗಲೆಲ್ಲ ಒಂದೇ ಹೆಸರು ಬಾಯಿಗೆ ಬರುತ್ತಿತ್ತು. ಅಂತೂ ದೂಮಪ್ಪನ ಹೆಸರು ಐವತ್ತೆರಡು ಜನರಿಗೂ ಗೊತ್ತಾಯಿತು.

ಮೇಲ್ವಿಚಾರಕ ಕೆಟ್ಟ ಮನುಷ್ಯನಲ್ಲ. ಆದರೆ ಅವನಿಗೂ ತುರಿಕೆ ಇತ್ತು. ದೂಮಪ್ಪನನ್ನು ಕರೆಸಿ, ಇನ್ನು ಮುಂದೆ ನಿನ್ನ ಕೈ ಬಟ್ಟೆಯ ಮೇಲಿರಲಿ, ಕ್ರೇನಿನ ಕೆಲಸ ಕ್ರೇನಿನವರು ನೋಡಿಕೊಳ್ಳುತ್ತಾರೆ ಎಂದ. ಇನ್ನೊಮ್ಮೆ ಹೀಗಾದರೆ ಮುಂದಿನ ದೋಣಿಯಲ್ಲಿ ಮನೆಗೆ ಹೋಗುವೆ ಎಂದೂ ಸೇರಿಸಿದ. ನಿಯಮದ ಪುಸ್ತಕದ ಪ್ರಕಾರ ಅವನು ಹಾಗೆ ಹೇಳುವಂತಿರಲಿಲ್ಲ. ಪುಸ್ತಕಕ್ಕೆ ತುರಿಕೆ ಇರಲಿಲ್ಲ.

ದೂಮಪ್ಪನಿಗೆ ನಾಚಿಕೆಯಾಗಿತ್ತು. ಬೈಗುಳಕ್ಕಿಂತ ಹೆಚ್ಚಾಗಿ, ಜನ ಒಗೆಯಲು ಕೊಡುವ ಬಟ್ಟೆಗಳ ವಾಸನೆಯೇ ಅವನನ್ನು ದಿನವೂ ಬೈಯುತ್ತಿತ್ತು. ಒಂದು ಸಂಜೆ ಚಹಾದ ಹೊತ್ತಿಗೆ ಹಸನಬ್ಬನ ಬಳಿ ಹೋಗಿ ನಿಂತ. ನನ್ನಿಂದಾಗಿ ನಿಮ್ಮ ಕೆಲಸ ಕೆಟ್ಟಿತು, ತಪ್ಪಾಯಿತು ಎಂದ.

ಹಸನಬ್ಬ ಚಹಾ ಕುಡಿದು ಮುಗಿಸಿದ. "ನೀನು ಸರಿಯಾ ತಪ್ಪಾ ಅಂತ ಅಷ್ಟು ಮೇಲೆ ಕೂತವನಿಗೆ ಹೇಗೆ ಗೊತ್ತಾಗ್ತದೆ ಮಾರಾಯ?" ಎಂದ. "ನನಗೆ ಕಾಣುದು ಕೈ ಅಗಲ ಉಂಟಾ ಇಲ್ವಾ ಅಂತ ಮಾತ್ರ. ನಾಳೆ ಇನ್ನೊಮ್ಮೆ ಅಗಲಿಸು, ಇನ್ನೊಮ್ಮೆ ನಿಲ್ಲಿಸ್ತೇನೆ."

ದೂಮಪ್ಪನಿಗೆ ಈ ಮಾತಿನಿಂದ ಸಮಾಧಾನವೇನೂ ಆಗಲಿಲ್ಲ. ಇನ್ನೊಮ್ಮೆ ಕೈ ಅಗಲಿಸುವ ಯೋಚನೆಯೇ ಅವನಿಗೆ ಇರಲಿಲ್ಲ.

ಮಳೆಗಾಲದ ನಡುವೆ ಇನ್ನೊಂದು ಕಾಟ ಶುರುವಾಯಿತು. ವೈರಿಂಗ್ ಕೆಲಸದ ಮೂವರು, ವಯಸ್ಸಿನ ಹುಮ್ಮಸ್ಸಿನವರು, ದೂಮಪ್ಪ ಎದುರಿಗೆ ಬಂದರೆ ಸಾಕು, ಎರಡೂ ಕೈ ಅಗಲಿಸಿ ಬೀಸಿ ನಗುತ್ತಿದ್ದರು. ಊಟದ ಕೋಣೆಯಲ್ಲಿ, ಮೆಟ್ಟಿಲಲ್ಲಿ, ಸ್ನಾನದ ಸಾಲಿನಲ್ಲಿ. ಆ ಮೂವರಲ್ಲಿ ಒಬ್ಬನ ಹೆಸರು ನನಗೆ ಚೆನ್ನಾಗಿ ಗೊತ್ತು, ಹೇಳುವುದಿಲ್ಲ. ಬರಬರುತ್ತಾ ಅಟ್ಟದಲ್ಲಿ ಅರ್ಧ ಜನ ಅದೇ ಆಟ ಕಲಿತರು. ದೂಮಪ್ಪ ತಲೆ ತಗ್ಗಿಸಿ ಹೋಗುವುದನ್ನು ಕಲಿತ.

ಒಂದು ದಿನ ಗಾಳಿ ಕಡಿಮೆಯಿತ್ತು. ಹಸನಬ್ಬ ಡೆಕ್ಕಿನ ಮೇಲೆ ಖಾಲಿ ಡ್ರಮ್ಮುಗಳನ್ನು ಸರಿಸುತ್ತಿದ್ದ. ಹೊರೆ ಸಾಗುವ ಜಾಗದ ಸುತ್ತ ಕಟ್ಟಿದ ಬೇಲಿಹಗ್ಗದಾಚೆ ದೂಮಪ್ಪ ಬಟ್ಟೆ ಹೊತ್ತು ಹೋಗುತ್ತಿದ್ದ. ಆ ಮೂವರು ಅವನನ್ನು ನೋಡಿ ಕೈ ಅಗಲಿಸಿ ಬೀಸಿದರು. ಕ್ರೇನು ಗಕ್ಕನೆ ನಿಂತಿತು. ಹಸನಬ್ಬ ಡ್ರಮ್ಮನ್ನು ಇಳಿಸಿ, ಇಂಜಿನು ಆರಿಸಿ, ಅಷ್ಟೆತ್ತರದ ಏಣಿಯನ್ನು ಒಂದೊಂದೇ ಮೆಟ್ಟಿಲು ಇಳಿದು ಬಂದ. ಮೊಣಕಾಲು ನೋವಿನ ಮನುಷ್ಯ. ಮೂವರ ಎದುರು ಬಂದು ನಿಂತು, ಸ್ವಲ್ಪವೂ ಕೋಪವಿಲ್ಲದೆ, ನಿಲ್ಲಿಸು ಎಂದಿರಿ, ನಿಲ್ಲಿಸಿದ್ದೇನೆ, ನಿಮಗೆ ಏನು ಕಂಡಿತು ಹೇಳಿ, ಸರಿಪಡಿಸೋಣ ಎಂದು ಕೇಳಿದ.

ಮೂವರೂ ಬಾಯಿ ಬಿಡಲಿಲ್ಲ. ಹಸನಬ್ಬ ಹೋಗಲಿಲ್ಲ. ಏನೋ ಕಂಡಿರಬೇಕಲ್ಲ, ನೆನಪು ಮಾಡಿಕೊಳ್ಳಿ ಎಂದ. ಅವರು ಬೆವರುತ್ತಾ ನಿಂತರು, ಅವನು ಕಾಯುತ್ತಾ ನಿಂತ. ಕಾಲು ಗಂಟೆ ಹೀಗೇ ಕಳೆಯಿತು. ಡೆಕ್ಕಿನ ಮೇಲಿದ್ದವರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ಕೊನೆಗೆ ಮೂವರಲ್ಲಿ ಒಬ್ಬ, ತಮಾಷೆಗೆ ಮಾಡಿದ್ದು, ತಪ್ಪಾಯಿತು ಎಂದು ನೆಲ ನೋಡಿಕೊಂಡು ಹೇಳಿದ. ಹಸನಬ್ಬ ಸರಿ ಎಂದು ತಲೆಯಾಡಿಸಿ, ಮತ್ತೆ ಅಷ್ಟೂ ಮೆಟ್ಟಿಲು ಹತ್ತಿಹೋದ. ಅಂದಿನಿಂದ ಆ ಅಟ್ಟದಲ್ಲಿ ಯಾರೂ ಆ ಸನ್ನೆಯನ್ನು ಆಟಕ್ಕೆ ಮಾಡಲಿಲ್ಲ.

ದೂಮಪ್ಪ ಇದನ್ನೆಲ್ಲ ಬಟ್ಟೆಯ ರಾಶಿಯ ಹಿಂದಿನಿಂದ ನೋಡಿದ್ದ. ತನಗಾಗಿ ಒಬ್ಬ ಅಷ್ಟು ಮೆಟ್ಟಿಲು ಇಳಿದು ಬಂದದ್ದು ಅವನ ಮನಸ್ಸಿಗೆ ತಟ್ಟಿತು. ಆದರೂ ಭಯ ಹೋಗಲಿಲ್ಲ.

ಅಕ್ಟೋಬರಿನಲ್ಲಿ ಕಡಲು ತಣ್ಣಗಾಯಿತು. ಯಂತ್ರ ಮತ್ತೆ ಬಂತು. ದೋಣಿಯಿಂದ ಡೆಕ್ಕಿಗೆ ಅದು ಏರಿದ ರೀತಿಗೆ ಜನ ಚಪ್ಪಾಳೆ ತಟ್ಟಿದರು. ಆದರೆ ಕೆಲಸ ಮುಗಿದಿರಲಿಲ್ಲ. ಯಂತ್ರದ ಜಾಗ ಡೆಕ್ಕಿನ ಆಚೆ ತುದಿಯಲ್ಲಿ, ಒಂದು ಅಂತಸ್ತು ಮೇಲೆ. ಅಲ್ಲಿಯ ಸಂದಿಯಲ್ಲಿ ಕಬ್ಬಿಣದ ಚೌಕಟ್ಟು ತೂರುವುದಿಲ್ಲ. ಚೌಕಟ್ಟನ್ನು ಬಿಚ್ಚಿ ಬರೀ ಯಂತ್ರವನ್ನು ಎತ್ತಬೇಕು. ಅದರ ಕೊಳವೆಗಳು ಗಾಜಿನ ನಾರಿನವು, ತಂತಿಹಗ್ಗ ಬಿಗಿದರೆ ಸೀಳುತ್ತವೆ. ಅದಕ್ಕೆಂದೇ ದಡದಲ್ಲಿ ಯಂತ್ರದ ಹೊಟ್ಟೆಗೆ ಎರಡು ಅಗಲವಾದ ನೇಯ್ದ ಪಟ್ಟಿಗಳನ್ನು ಸುತ್ತಿ ಕಳಿಸಿದ್ದರು. ಪಾಲಿಯೆಸ್ಟರ್ ದಾರದ ದಪ್ಪ ಪಟ್ಟಿಗಳು, ನೀಲಿ ಬಣ್ಣ.

ಹೋಗುವ ದಾರಿಯಲ್ಲಿ ಇಪ್ಪತ್ತು ಅಡಿಯಷ್ಟು ಜಾಗದಲ್ಲಿ ಹೊರೆ ಗ್ಯಾಸಿನ ಪೈಪುಗಳ ಮೇಲೆ ಸಾಗಬೇಕಿತ್ತು. ಒಳಗೆ ಭಾರಿ ಒತ್ತಡದ ಗ್ಯಾಸು. ಮೂರೂವರೆ ಟನ್ ಅದರ ಮೇಲೆ ಬಿದ್ದರೆ ಐವತ್ತೆರಡು ಜನರಲ್ಲಿ ಯಾರು ಉಳಿಯುತ್ತಿದ್ದರು ಎಂದು ಲೆಕ್ಕ ಹಾಕಲು ಯಾರೂ ಉಳಿಯುತ್ತಿರಲಿಲ್ಲ. ಬೇರೆ ದಾರಿ ಇಲ್ಲದ್ದರಿಂದ ಮೇಲ್ವಿಚಾರಕ ಕಾಗದಗಳನ್ನೆಲ್ಲ ಎರಡೆರಡು ಸಲ ಓದಿ ಒಪ್ಪಿಗೆ ಕೊಟ್ಟ.

ಪಟ್ಟಿಗಳ ವಿಷಯದಲ್ಲಿ ಅಲ್ಲಿ ಒಂದು ಪದ್ಧತಿ ಇದೆ. ಆರು ತಿಂಗಳಿಗೊಮ್ಮೆ ಎತ್ತುವ ಹಗ್ಗ, ಪಟ್ಟಿ, ಕೊಂಡಿ ಎಲ್ಲವನ್ನೂ ಪರೀಕ್ಷಿಸಿ, ಚೆನ್ನಾಗಿರುವುದಕ್ಕೆ ಆ ಅರ್ಧವರ್ಷದ ಬಣ್ಣದ ಬಿಲ್ಲೆ ಕಟ್ಟುತ್ತಾರೆ. ಆ ಸಲದ ಬಣ್ಣ ಹಸಿರು. ಜೂನಿನಲ್ಲಿ ಕಟ್ಟಿದ್ದು ಡಿಸೆಂಬರಿನವರೆಗೆ ನಡೆಯುತ್ತದೆ. ಒಳ್ಳೆಯ ಪದ್ಧತಿಯೇ. ಆದರೆ ವರ್ಷಗಟ್ಟಲೆ ನಡೆದ ಮೇಲೆ ಜನ ಪಟ್ಟಿಯನ್ನು ನೋಡುವುದು ಬಿಟ್ಟು ಬಿಲ್ಲೆಯನ್ನು ನೋಡತೊಡಗುತ್ತಾರೆ. ಆ ದಿನ ಸನ್ನೆಗಾರ ನೋಡಿದ, ಹಸಿರು. ಹೊರೆ ಕಟ್ಟುವವರು ನೋಡಿದರು, ಹಸಿರು. ಹಸನಬ್ಬನಿಗೂ ಹಸಿರು ಎಂದೇ ಹೇಳಿದರು. ಅವನ ಕುರ್ಚಿಯಿಂದ ಪಟ್ಟಿಯ ಮೈ ಕಾಣುವುದಿಲ್ಲ.

ದೂಮಪ್ಪ ಆ ಹೊತ್ತಿಗೆ ವಾರದ ಬಟ್ಟೆಗಳನ್ನು ಮಡಚಿ, ಎದೆಯವರೆಗೆ ರಾಶಿ ಮಾಡಿಕೊಂಡು ಡೆಕ್ಕಿಗೆ ಬಂದ. ಎರಡು ಪೀಪಾಯಿ ನೀರಿನಲ್ಲಿ ಮೂರು ದಿನ ಹೆಣಗಾಡಿ ಒಗೆದ ಬಟ್ಟೆಗಳು. ಬೇಲಿಹಗ್ಗ ಕಟ್ಟಿತ್ತು, ಅದರಾಚೆ ನಿಂತ. ಯಂತ್ರ ನೆಲದಿಂದ ಮೇಲೆದ್ದಿತ್ತು. ನಾಲ್ಕಡಿ ಎತ್ತರದಲ್ಲಿ, ಅವನಿಂದ ಹದಿನೈದು ಹೆಜ್ಜೆ ದೂರದಲ್ಲಿ, ಮೆಲ್ಲಗೆ ಪೈಪುಗಳ ಕಡೆಗೆ ತಿರುಗುತ್ತಿತ್ತು.

ಪಟ್ಟಿಯ ಕೆಳಭಾಗ ಅವನ ಕಡೆಗೆ ಬಂತು. ನೀಲಿಯಲ್ಲಿ ಒಂದು ಕಡೆ ಬಣ್ಣ ಬಿಟ್ಟಿತ್ತು.

ಬಣ್ಣ ಬಿಡುವುದರಲ್ಲಿ ಬಗೆಗಳಿವೆ. ಬೇರೆಯವರಿಗೆ ಎಲ್ಲವೂ ಒಂದೇ, ದೂಮಪ್ಪನಿಗೆ ಹಾಗಲ್ಲ. ಬಿಸಿಲಿಗೆ ಬಿಟ್ಟ ಬಣ್ಣ ಒಂದೇ ಸಮನಾಗಿ ಬಿಡುತ್ತದೆ. ಇದು ಹಾಗಿರಲಿಲ್ಲ. ಅಂಚು ಅಂಕುಡೊಂಕಾಗಿ, ನಡುವೆ ಮಾಸಲು ಬಿಳುಪು, ಅದರ ಮೇಲೆ ದಾರ ಸಣ್ಣಗೆ ನವಿರೆದ್ದ ಹಾಗೆ. ಅಂಥ ಕಲೆಯನ್ನು ಅವನು ಹಿಂದೆ ಒಮ್ಮೆ ತನ್ನ ಕೈಯಿಂದಲೇ ಮಾಡಿದ್ದ. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜಿಡ್ಡು ಬೇಗ ಹೋಗಲಿ ಎಂದು ಆರು ಪಾಲಿಯೆಸ್ಟರ್ ಬಟ್ಟೆಗಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಹಾಕಿ ಮರೆತಿದ್ದ. ಹೊರಗೆ ತೆಗೆದಾಗ ನೋಡಲು ಬಟ್ಟೆಯೇ. ತೊಟ್ಟವನು ಕುಳಿತೊಡನೆ ಸದ್ದಿಲ್ಲದೆ ಹಿಂಭಾಗ ಸೀಳಿತ್ತು.

ಇದು ಅದೇ ಇರಬಹುದು. ಅಲ್ಲದೆಯೂ ಇರಬಹುದು. ಬರೀ ಧೂಳು ಇರಬಹುದು, ಸುಣ್ಣ ಇರಬಹುದು. ಹದಿನೈದು ಹೆಜ್ಜೆ ದೂರದಿಂದ ಯಾರು ಹೇಳಬಲ್ಲರು? ಹಿಂದಿನ ಸಲವೂ ಅವನು ಖಂಡಿತ ಎಂದುಕೊಂಡಿದ್ದ, ಅದು ಚಿಂದಿಯಾಗಿತ್ತು. ಈ ಸಲ ಖಂಡಿತ ಎನ್ನುವ ಧೈರ್ಯವೂ ಇಲ್ಲ. ದೂಮಪ್ಪನಿಗೆ ಭಯವಾಯಿತು. ಕೈ ಎತ್ತಿ ಸುಳ್ಳಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೂ ಆದೀತು, ಆ ನಗುವನ್ನು ಮತ್ತೆ ಹೊರುವುದು ಹೇಗೆ? ಸುಮ್ಮನಿದ್ದರೆ ಯಾರೂ ಅವನನ್ನು ಕೇಳುವುದಿಲ್ಲ. ನೀನು ಯಾಕೆ ನೋಡಲಿಲ್ಲ ಎಂದು ಬಟ್ಟೆ ಒಗೆಯುವವನನ್ನು ಯಾರು ಕೇಳುತ್ತಾರೆ?

ಪೈಪುಗಳಿಗೆ ಇನ್ನು ಎರಡು ಮಾರು ಉಳಿದಿತ್ತು.

ಕೈ ಅಗಲಿಸಬೇಕಾದರೆ ಮೊದಲು ಕೈಯಲ್ಲಿದ್ದದ್ದನ್ನು ಬಿಡಬೇಕು. ದೂಮಪ್ಪ ಬಿಟ್ಟ. ಮೂರು ದಿನದ ದುಡಿಮೆ, ಐವತ್ತೆರಡು ಜನರ ಮಡಿ ಬಟ್ಟೆ, ಎಣ್ಣೆ ಮೆತ್ತಿದ ಡೆಕ್ಕಿನ ಮೇಲೆ ಬಿದ್ದು ಹರಡಿತು. ಅವನು ಎರಡೂ ಕೈಗಳನ್ನು ಭುಜದ ಮಟ್ಟಕ್ಕೆ ಅಗಲಿಸಿ ಬೀಸಿದ.

ಕ್ರೇನು ನಿಂತಿತು. ಅವನ ಕೈ ಪೂರ್ತಿ ಅಗಲವಾಗುವುದಕ್ಕೂ ಕ್ರೇನು ನಿಲ್ಲುವುದಕ್ಕೂ ನಡುವೆ ಒಂದು ಉಸಿರಿನಷ್ಟೂ ಹೊತ್ತಿರಲಿಲ್ಲ.

ಸನ್ನೆಗಾರ ತಿರುಗಿ ನೋಡಿದ. ಯಾರೆಂದು ಕಂಡು ಹಣೆ ಚಚ್ಚಿಕೊಂಡ. ಮತ್ತೆ ಇವನೇ ಎಂದು ಡೆಕ್ಕಿನ ತುಂಬ ಗೊಣಗಾಟ ಎದ್ದಿತು. ಸನ್ನೆಗಾರ ಸಿಟ್ಟಾಗಿದ್ದರೂ ಕಸುಬು ಬಿಡಲಿಲ್ಲ. ಎಲ್ಲರನ್ನೂ ದೂರ ಕಳಿಸಿ, ಯಂತ್ರವನ್ನು ಇದ್ದಲ್ಲೇ ಮೆಲ್ಲಗೆ ಕೆಳಗಿಳಿಸಿದ. ಅಷ್ಟರಲ್ಲಿ ಮೇಲ್ವಿಚಾರಕ ಓಡಿ ಬಂದ. ಏನು ಎಂದು ಕೇಳಲಿಲ್ಲ, ಬಿಲ್ಲೆ ನೋಡಿದೆಯಾ, ಹಸಿರು ಇದೆ ಎಂದ. ಆಮೇಲೆ ಅವನ ಕಣ್ಣು ಡೆಕ್ಕಿನ ಮೇಲೆ ಬಿದ್ದಿದ್ದ ಬಟ್ಟೆಗಳ ಮೇಲೆ ಹೋಯಿತು. ಅವುಗಳ ಮೇಲೆ ಅವನದೇ ಬಿಳಿ ಅಂಗಿ ಇತ್ತು.

"ಬಿಲ್ಲೆ ನನಗೆ ಗೊತ್ತಿಲ್ಲ ಸರ್," ಎಂದ ದೂಮಪ್ಪ. "ಬಟ್ಟೆ ಗೊತ್ತುಂಟು. ಆ ಪಟ್ಟಿಗೆ ಸೋಡಾ ತಾಗಿದೆ ಅಂತ ಕಾಣ್ತದೆ. ಒಮ್ಮೆ ಮುಟ್ಟಿ ನೋಡ್ಲಿಕ್ಕೆ ಬಿಡಿ."

ಬಿಟ್ಟರು. ಅವನು ಬಣ್ಣ ಬಿಟ್ಟ ಜಾಗವನ್ನು ಎರಡು ಬೆರಳುಗಳ ನಡುವೆ ಹಿಡಿದು ಉಜ್ಜಿದ. ದಾರ ಪುಡಿಪುಡಿಯಾಗಿ, ರಾಗಿಹಿಟ್ಟು ಉದುರಿದ ಹಾಗೆ ಅವನ ಪಾದದ ಮೇಲೆ ಉದುರಿತು.

ಆದರೂ ಮೇಲ್ವಿಚಾರಕನಿಗೆ ಅನುಮಾನ. ಮೇಲಿನ ಪದರ ಮಾತ್ರ ಹಾಳಾಗಿರಬಹುದು ಎಂದ. ಇಳಿದು ಬಂದಿದ್ದ ಹಸನಬ್ಬ ಹೇಳಿದ, ಪಟ್ಟಿಯನ್ನು ಬಿಚ್ಚಿ ಡೆಕ್ಕಿನ ಮೂಲೆಯಲ್ಲಿ ಬಿದ್ದಿರುವ ಆ ಹಳೆಯ ವಾಲ್ವಿಗೆ ಕಟ್ಟಿ, ಜನರನ್ನು ಗೋಡೆಯಾಚೆ ಕಳಿಸಿ, ನಾನು ಒಂದು ಗೇಣು ಎತ್ತುತ್ತೇನೆ. ವಾಲ್ವು ಬರೀ ಮುಕ್ಕಾಲು ಟನ್. ಪಟ್ಟಿಯ ಮೇಲೆ ಬರೆದಿದ್ದ ತಾಕತ್ತು ನಾಲ್ಕು ಟನ್.

ಉಳಿದವರೆಲ್ಲ ಗೋಡೆಯಾಚೆಯಿಂದ ಇಣುಕಿದರು. ಕೊಕ್ಕೆ ಮೇಲೆ ಸರಿಯಿತು. ಪಟ್ಟಿ ಬಿಗಿಯಿತು. ವಾಲ್ವು ಇನ್ನೂ ನೆಲ ಬಿಟ್ಟಿರಲಿಲ್ಲ, ಪಟ್ಟಿ ಹರಿದು ಎರಡಾಯಿತು. ಯಂತ್ರವನ್ನು ನಾಲ್ಕಡಿ ಎತ್ತಿದ್ದರಲ್ಲೇ ಅದರ ಅಳಿದುಳಿದ ಎಳೆಗಳೂ ಕಡಿಯತೊಡಗಿದ್ದವು.

ಅದರ ಸದ್ದು ದೊಡ್ಡದಲ್ಲ, ಹಳೆಯ ಪಂಚೆ ಹರಿದಷ್ಟೇ. ಪಟ್ಟಿ ಹಾಳಾದ ಕಾರಣ ಆಮೇಲೆ ತಿಳಿಯಿತು. ದಡದ ಅಂಗಳದಲ್ಲಿ ಯಂತ್ರದ ಪಕ್ಕದಲ್ಲೇ ಬಾವಿ ಕೊರೆಯಲು ಬಳಸುವ ಕಾಸ್ಟಿಕ್ ಸೋಡಾದ ಮೂಟೆಗಳನ್ನು ಪೇರಿಸಿದ್ದರು. ಮಳೆನೀರು ಮೂಟೆಗಳನ್ನು ತೊಳೆದು ಯಂತ್ರದ ಅಡಿಗೆ ಹರಿದಿತ್ತು. ಪಟ್ಟಿಯ ಕೆಳಭಾಗ ಮಳೆಗಾಲವಿಡೀ ಅದರಲ್ಲೇ ನೆಂದಿತ್ತು. ಬಿಲ್ಲೆ ಇದ್ದದ್ದು ಮೇಲ್ಭಾಗದಲ್ಲಿ, ಅದಕ್ಕೆ ಏನೂ ಆಗಿರಲಿಲ್ಲ. ಹಸಿರು ಹಸಿರಾಗಿಯೇ ಇತ್ತು.

ಮೊದಲು ಬಾಯಿ ಬಿಟ್ಟವನು ಮೇಲ್ವಿಚಾರಕ. ಎಲ್ಲರ ಎದುರಿಗೇ, ಆ ದಿನ ನಿನ್ನ ಕೈ ಬಟ್ಟೆಯ ಮೇಲಿರಲಿ ಎಂದಿದ್ದೆ, ಅದು ನನ್ನ ತಪ್ಪು ಎಂದು ದೂಮಪ್ಪನಿಗೆ ಹೇಳಿದ. ಆಮೇಲೆ ಬಗ್ಗಿ ಡೆಕ್ಕಿನ ಮೇಲಿನ ಬಟ್ಟೆಗಳನ್ನು ತಾನೇ ಆರಿಸತೊಡಗಿದ. ಇನ್ನಿಬ್ಬರು ಬಗ್ಗಿದರು. ಸನ್ನೆಗಾರ ಬಗ್ಗಿದ. ವೈರಿಂಗಿನ ಮೂವರೂ ಬಗ್ಗಿದರು.

ಆದರೆ ಯಂತ್ರ ಇನ್ನೂ ಡೆಕ್ಕಿನ ಮೇಲೇ ಇತ್ತು. ಬೇರೆ ನೇಯ್ದ ಪಟ್ಟಿಗಳು ಆ ಅಟ್ಟದಲ್ಲಿರಲಿಲ್ಲ. ತಂತಿಹಗ್ಗವಿತ್ತು, ಅದು ಕೊಳವೆಗಳನ್ನು ಸೀಳುತ್ತದೆ. ದಡಕ್ಕೆ ಹೇಳಿ ಕಳಿಸಿದರೆ ಇನ್ನೂ ಹತ್ತು ದಿನ. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ದೂಮಪ್ಪ ಮೆಲ್ಲಗೆ, ನನ್ನ ಕೋಣೆಯಲ್ಲಿ ಹಳೆಯ ಕಂಬಳಿಗಳು ಮೂವತ್ತು ಇವೆ, ದಪ್ಪವಾಗಿ ಮಡಚಿ ಹಗ್ಗದ ಅಡಿಗೆ ಕೊಟ್ಟರೆ ಆಗುವುದಿಲ್ಲವೇ ಎಂದು ಕೇಳಿದ. ಕಟ್ಟುವವರು ಯೋಚಿಸಿ, ಅಳೆದು, ತಂತಿಹಗ್ಗ ಒತ್ತುವ ಒಂದೊಂದು ಜಾಗಕ್ಕೂ ಮರದ ಹಲಗೆ ಇಟ್ಟು, ಅದರಡಿಗೆ ಕಂಬಳಿ ಇಟ್ಟರು. ಮಡಿಕೆ ಹಾಕಿದವನು ದೂಮಪ್ಪನೇ. ಮಡಚುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಸಲ ಬಿಲ್ಲೆಯನ್ನೂ ನೋಡಿದರು, ಹಗ್ಗವನ್ನೂ ಗೇಣು ಗೇಣಾಗಿ ಮುಟ್ಟಿ ನೋಡಿದರು.

ಮಧ್ಯಾಹ್ನ ಮೂರಕ್ಕೆ ಯಂತ್ರ ಎದ್ದಿತು. ಪೈಪುಗಳ ಮೇಲೆ ಇಪ್ಪತ್ತು ಅಡಿ ಸಾಗುವಾಗ ಇಡೀ ಅಟ್ಟ ಉಸಿರು ಹಿಡಿದಿತ್ತು. ಮೇಲಿನ ಅಂತಸ್ತಿನ ಸಂದಿಯಲ್ಲಿ ಅದು ತೂರಿ, ತಿರುಗಿ, ತನ್ನ ಜಾಗದಲ್ಲಿ ಸದ್ದಿಲ್ಲದೆ ಕೂತಿತು. ಒಂದು ಗೆರೆಯಷ್ಟೂ ಗೀರಿರಲಿಲ್ಲ. ಆಗ ಹಸನಬ್ಬ ತನ್ನ ಜೀವಮಾನದಲ್ಲಿ ಮಾಡದ ಒಂದು ಕೆಲಸ ಮಾಡಿದ. ಅಪಾಯಕ್ಕೆ ಮಾತ್ರ ಬಾರಿಸಬೇಕಾದ ಕ್ರೇನಿನ ಹಾರ್ನನ್ನು ಒತ್ತಿ ಹಿಡಿದು ಬಿಡಲೇ ಇಲ್ಲ. ಮೇಲ್ವಿಚಾರಕ ಕಿವಿ ಕೇಳದವನ ಹಾಗೆ ಕಡಲು ನೋಡುತ್ತಾ ನಿಂತ.

ಎರಡು ದಿನ ಕೊಳವೆ ಜೋಡಿಸಿ, ಮೂರನೆಯ ದಿನ ಬೆಳಿಗ್ಗೆ ನಲ್ಲಿ ತಿರುಗಿಸಿದರು. ನೀರು ಬಂತು. ಬೆರಳು ದಪ್ಪ ಬಂತು, ಆಮೇಲೆ ಮುಂಗೈ ದಪ್ಪ ಬಂತು. ಜನ ಬಟ್ಟೆಯ ಸಮೇತ ಅದರಡಿಗೆ ನುಗ್ಗಿದರು. ಯಾರೋ ದೂಮಪ್ಪನನ್ನು ಎತ್ತಿಕೊಂಡು ಬಂದು ನೀರಿನಡಿ ಹಿಡಿದರು. ಅವನು ನಗುತ್ತಿದ್ದ, ಅಳುತ್ತಿದ್ದ, ಎರಡೂ ನೀರಿನಲ್ಲಿ ಒಂದೇ ಆಗಿತ್ತು. ಎರಡೂ ಕೈ ಅಗಲಿಸಿಕೊಂಡಿದ್ದ. ನೀರು ಮಾತ್ರ ನಿಲ್ಲಲಿಲ್ಲ.

ಅಂದಿನಿಂದ ಮೇಲ್ವಿಚಾರಕ ಒಂದು ಹೊಸ ರೂಢಿ ಮಾಡಿದ. ಯಾರು ಕ್ರೇನು ನಿಲ್ಲಿಸಿದರೂ ಮರುದಿನ ಬೆಳಗಿನ ಸಭೆಯಲ್ಲಿ ಅವರ ಹೆಸರು ಹೇಳಿ ಧನ್ಯವಾದ ಹೇಳುವುದು. ಕಾರಣ ನಿಜವೋ ಸುಳ್ಳೋ ಎಂದು ಆ ಸಭೆಯಲ್ಲಿ ಹೇಳುವಂತಿಲ್ಲ. ಮುಂದಿನ ಒಂದು ವರ್ಷದಲ್ಲಿ ಕ್ರೇನು ಹದಿನೇಳು ಸಲ ನಿಂತಿತು. ಹದಿನಾಲ್ಕು ಸಲ ಏನೂ ಆಗಿರಲಿಲ್ಲ. ಉಳಿದ ಮೂರು ಸಲ ಹೊರೆಯ ದಾರಿಯಲ್ಲಿದ್ದವರು ಇಂದಿಗೂ ಮೊಮ್ಮಕ್ಕಳನ್ನು ಆಡಿಸುತ್ತಿದ್ದಾರೆ. ಹಸನಬ್ಬ ಹದಿನೇಳೂ ಸಲ ಒಂದೇ ವೇಗದಲ್ಲಿ ನಿಲ್ಲಿಸಿದ.

ಗುರುಗಳು ಕತೆ ಮುಗಿಸಿ ನೀರು ಕುಡಿದರು.

ಕತೆ ಗುರುಶಾಂತನಿಗೆ ಹಿಡಿಸಿತ್ತು, ಉತ್ತರ ಹಿಡಿಸಿರಲಿಲ್ಲ.

"ಎರಡನೆಯ ಸಲ ಅವನ ಮಾತು ನಿಜವಾಯಿತು, ಒಪ್ಪುತ್ತೇನೆ," ಎಂದ. "ಆದರೆ ನಿಲ್ಲಿಸುವ ಹೊತ್ತಿಗೆ ಅದು ಹಸನಬ್ಬನಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿದ್ದದ್ದು ಒಂದೇ, ಈ ಮನುಷ್ಯ ಒಮ್ಮೆ ತಪ್ಪಿದ್ದಾನೆ ಎಂದು. ತಪ್ಪಿದವನ ಮಾತನ್ನು ಅವನು ಯಾಕೆ ಕೇಳಬೇಕಿತ್ತು?"

ಗುರುಗಳು ಲೋಟವನ್ನು ಕೆಳಗಿಟ್ಟರು.

"ಒಮ್ಮೆಯೂ ತಪ್ಪದವನ ಮಾತನ್ನಷ್ಟೇ ಕೇಳುವುದಾದರೆ, ಇಷ್ಟು ವರ್ಷ ನನ್ನ ಎದುರು ಯಾಕೆ ಕೂತೆ, ಗುರುಶಾಂತ?"